ಗಂಟಲಿಲ್ಲದವಳ ಕಛೇರಿ

ಪೋಸ್ಟರ್ ಹರಿದವನು ಹರಿಶ್ಚಂದ್ರನೇ. ಪುಣೆಯ ಶಿವಾಜಿನಗರದ ಕೋರ್ಟಿನೆದುರಿನ ಆ ಹೋಟೆಲು ಅವನದು, ಗೋಡೆಯೂ ಅವನದು. ಅದರ ಮೇಲೆ ಅವನ ಅಕ್ಕನ ಮುಖವನ್ನು ಬಾಗಿಲಗಲ ಅಂಟಿಸಲಾಗಿತ್ತು. ಸುತ್ತ ನಾಲ್ವರು ಬಿಳಿಗೂದಲ ಇಂಗ್ಲಿಷರು, ನಡುವೆ ಲೀಲಾಕ್ಷಿ. ಕೆಳಗೆ ದಪ್ಪ ಅಕ್ಷರದಲ್ಲಿ, 'ಕೋಲ್ಡ್ ಫರ್ನೆಸ್: ಕೊನೆಯ ರಾಕ್ ಕಛೇರಿ.'

ಚೂರುಗಳನ್ನು ಮುದ್ದೆ ಮಾಡಿ ತಿರುಗಿದರೆ ಲೀಲಾಕ್ಷಿ ಹಿಂದೆಯೇ ನಿಂತಿದ್ದಳು. ಕಂಕುಳಲ್ಲಿ ಇನ್ನಷ್ಟು ಪೋಸ್ಟರುಗಳ ಸುರುಳಿ, ಕೈಯಲ್ಲಿ ಅಂಟಿನ ಡಬ್ಬಿ. ಅಂಟಿಸಿದವಳು ಅವಳೇ.

"ಅಕ್ಕಾ, ಗಂಟಲೇ ಇಲ್ಲದೆ ಎಂಥ ಕಛೇರಿ ಮಾರಾಯ್ತಿ?"

ಅವಳು ಫೋನಿನಲ್ಲಿ ಟೈಪು ಮಾಡಿದಳು. ಫೋನು ಭಾವವಿಲ್ಲದ ದನಿಯಲ್ಲಿ ಓದಿತು: "ಕಛೇರಿಗೆ ಗಂಟಲು ಬೇಕೆಂದು ನಿನಗೆ ಹೇಳಿದವರು ಯಾರು?"

ಹಾಗೆ ಹೇಳಿಸಿ, ಹರಿದ ಜಾಗದಲ್ಲೇ ಇನ್ನೊಂದನ್ನು ಅಂಟಿಸಿದಳು.

ಕಳೆದ ವರ್ಷ ಬರ್ಮಿಂಗ್‌ಹ್ಯಾಮಿನ ವೈದ್ಯರು ಕ್ಯಾನ್ಸರಿನ ಜೊತೆಗೆ ಅವಳ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದರು. ಈಗ ಕತ್ತಿನ ತೂತಿನಿಂದ ಉಸಿರು, ಫೋನಿನಿಂದ ಮಾತು. ಸುಧಾರಿಸಿಕೊಳ್ಳಲೆಂದು ತಮ್ಮನ ಮನೆಗೆ ಬಂದವಳು, ಬಂದ ವಾರವೇ ಬ್ಯಾಂಡಿನ ಹಳೆಯ ಗೆಳೆಯರನ್ನು ಪುಣೆಗೆ ಕರೆಸುವ ಹಟಕ್ಕೆ ಬಿದ್ದಿದ್ದಳು.

ಹಟ ಅವಳಿಗೆ ಹೊಸದಲ್ಲ. ಹತ್ತೊಂಬತ್ತಕ್ಕೆ ನರ್ಸಿಂಗ್ ಕಲಿಯಲು ಇಂಗ್ಲೆಂಡಿಗೆ ಹೋಗಿ, ಎರಡೇ ವರ್ಷದಲ್ಲಿ ರಾಕ್ ಬ್ಯಾಂಡು ಸೇರಿದ್ದಳು. "ನಮ್ಮ ಮನೆಯ ಹೆಣ್ಣು ಮೈಕು ಹಿಡಿದು ಕಿರುಚುವುದಾ?" ಎಂದು ಅಪ್ಪ ಗರ್ಜಿಸಿದ್ದರು. ಅಂದಿನಿಂದ ಅವಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅವಳ ತಂಡದ ರೆಕಾರ್ಡು ಹೊಸ್ತಿಲು ದಾಟಲಿಲ್ಲ. ಅತ್ತ ಅವಳು ಊರೂರು ಸುತ್ತಿದಳು, ಎರಡು ಮದುವೆಯಾಗಿ ಎರಡನ್ನೂ ಮುರಿದಳು, ಹೆಸರು ಗಳಿಸಿದಳು. ಒಮ್ಮೆ 'ನಿನ್ನ ದೇಶಕ್ಕೆ ಹೋಗು' ಎಂದು ಕೂಗುತ್ತ ಪುಂಡರು ಬಾಟಲಿ ಎಸೆದರಂತೆ. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿದರೂ ಹಾಡು ಮುಗಿಯುವವರೆಗೆ ಅವಳು ನಿಲ್ಲಿಸಲಿಲ್ಲವಂತೆ. ಇದೆಲ್ಲ ಹರಿಶ್ಚಂದ್ರನಿಗೆ ಗೊತ್ತಾದದ್ದು ಅವನ ಮಗಳು ಯಶ್ಮಿತಾ ಹೇಳಿ. ಮಗಳು ಅತ್ತೆಯನ್ನು ಇಂಟರ್ನೆಟ್ಟಿನಲ್ಲಿ ತೋರಿಸಲು ಬಂದಾಗಲೆಲ್ಲ ಅವನು ಮುಖ ತಿರುಗಿಸುತ್ತಿದ್ದ.

ಮೈಕಿನ ಬಗ್ಗೆ ಅಪ್ಪ ಆಡಿದ್ದ ಆ ಮಾತನ್ನು ಈ ಸಲ ಅಕ್ಕನಿಗೆ ತಿಳಿಸಿದ ದಿನ ಅವಳು ಸದ್ದಿಲ್ಲದೆ ನಕ್ಕಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ಹುಚ್ಚು ಹಿಡಿದಿದೆ ಎಂದುಕೊಂಡ ಅವನು.

ಈಗ ಹೋಟೆಲಿಗೆ ಬರುವ ವಕೀಲರಿಗೂ ಅದೇ ಸುದ್ದಿ. "ಅಣ್ಣಾ, ತೀ ಗಾಣಾರೀ ತುಮಚೀ ಬಹೀಣ ನಾ?" ಆ ಹಾಡುವವಳು ನಿಮ್ಮ ಅಕ್ಕನಲ್ಲವೇ ಎಂದು ಇಡ್ಲಿ ಮುರಿಯುತ್ತಲೇ ಕೇಳುತ್ತಿದ್ದರು. ಹರಿಶ್ಚಂದ್ರ ಗಲ್ಲಾಪೆಟ್ಟಿಗೆಯ ಹಿಂದೆ ತಲೆ ತಗ್ಗಿಸುತ್ತಿದ್ದ. ಅವನದು ನಾಚಿಕೆಯಷ್ಟೇ ಅಲ್ಲ, ಭಯ. ಸಾವಿರಾರು ಜನರೆದುರು ಅವಳು ಬಾಯಿ ತೆರೆದು ಬರೀ ಗಾಳಿ ಹೊರಟರೆ?

ಅವಳಿಗೆ ಅಂಥ ಯಾವ ಭಯವೂ ಇರಲಿಲ್ಲ. ಬೆಳಗ್ಗೆ ಪರ್ವತಿ ಬೆಟ್ಟ ಹತ್ತುತ್ತಿದ್ದಳು. ಮಧ್ಯಾಹ್ನ ಟ್ಯಾಕ್ಸಿ ಹಿಡಿದು ಊರಾಚೆಯ ಚಾಕಣಕ್ಕೆ ಹೋಗುತ್ತಿದ್ದಳು, ಪರಿಚಯದವರ ಕಾರ್ಖಾನೆಯ ಖಾಲಿ ಶೆಡ್ಡಿಗೆ. ಸಂಜೆ ಬೆವರಿ ಬರುತ್ತಿದ್ದಳು. ಊಟಕ್ಕೆ ಕೂತರೆ ಮೇಜಿನಡಿಯಲ್ಲಿ ಕಾಲು ಸುಮ್ಮನಿರುತ್ತಿರಲಿಲ್ಲ, ಸಾರು ತುಳುಕುತ್ತಿತ್ತು. ಒಂದು ದಿನ ಅವನು ಸಮಾಧಾನ ಹೇಳಲು ಅವಳ ಕೈ ಹಿಡಿದ. ಅಂಗೈ ತುಂಬ ಜಡ್ಡುಗಟ್ಟಿದ ಗಂಟುಗಳು. ಹಾಡಿ ಹೊಟ್ಟೆ ತುಂಬದೆ ಅಲ್ಲೆಲ್ಲೋ ಪಾತ್ರೆ ತಿಕ್ಕಿ ಬದುಕಿರಬೇಕು ಪಾಪ, ಎಂದು ಅವನು ಮರುಗಿದ.

ಆ ಮರುದಿನವೇ ಕಛೇರಿಯ ವ್ಯವಸ್ಥಾಪಕ ಸ್ವಪ್ನಿಲನ ಆಫೀಸಿಗೆ ಹೋದ. ಸೊಲ್ಲಾಪುರದ ಕಡೆಯ ಕನ್ನಡದ ಹುಡುಗ.

"ನನ್ನ ಅಕ್ಕನಿಗೆ ಸ್ವರವೇ ಇಲ್ಲ, ಗೊತ್ತುಂಟಾ ನಿಮಗೆ?"

"ಗೊತ್ತದರೀ ಕಾಕಾ. ಅದಕ್ಕೇನಾತು?"

"ಅದಕ್ಕೇನಾಯ್ತಾ?"

"ಲೀಲಾ ಮೇಡಮ್ ಇಲ್ಲಾಂದ್ರ ಆ ಬ್ಯಾಂಡಿಗೆ ಜೀವಾನೇ ಇಲ್ರೀ. ಮಂದಿ ಅವರನ್ನ ನೋಡಾಕ ಬರೋದು."

ರೋಗಿಯನ್ನು ವೇದಿಕೆಗೆ ಹತ್ತಿಸಿ ತಮಾಷೆ ತೋರಿಸುವ ಜನ! ಹರಿಶ್ಚಂದ್ರ ಕುದಿಯುತ್ತ ಮನೆಗೆ ಬಂದ. ಹೊಸ್ತಿಲಲ್ಲೇ ಅಕ್ಕನನ್ನು ತಡೆದ. ಹೋದರೆ ಈ ಮನೆಗೆ ಮತ್ತೆ ಬರಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದು ಅಪ್ಪನ ಮಾತು, ನುಂಗಿಕೊಂಡ.

"ಜನ ನಗ್ತಾರೆ ಅಕ್ಕಾ."

ಫೋನು ಹೇಳಿತು: "ನಗಲಿ. ಅವರ ನಗು ಕೇಳದ ಹಾಗೆ ಮಾಡುವುದು ನನಗೆ ಗೊತ್ತು."

ಯಶ್ಮಿತಾ ಅಡುಗೆಮನೆಯಿಂದಲೇ ರೇಗಿದಳು. "ಪಪ್ಪಾ, ಇಷ್ಟು ವರ್ಷದಲ್ಲಿ ಅತ್ತೆಯ ಬ್ಯಾಂಡನ್ನು ಒಂದು ಸಲವಾದರೂ ಕೇಳಿದ್ದೀರಾ?"

ಕಛೇರಿಯ ಸಂಜೆ ಅವನು ಮಗಳ ಜೊತೆ ಮೊದಲ ಸಾಲಿನಲ್ಲಿ ಕುಳಿತ. ನೋಡಲಿಕ್ಕಲ್ಲ. ಜನ ಕೂಗಾಡಿದರೆ ವೇದಿಕೆ ಹತ್ತಿ ಅಕ್ಕನನ್ನು ಕೈಹಿಡಿದು ಇಳಿಸಿ ತರಲಿಕ್ಕೆ. ಯಾರಾದರೂ ಒಂದು ಮಾತಾಡಲಿ, ಅವರ ದವಡೆ ಮುರಿಯುವೆ ಎಂದು ಮುಷ್ಟಿ ಬಿಗಿದಿದ್ದ. ಅರವತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ಅವನು ಅಕ್ಕನ ಪಕ್ಷದಲ್ಲಿದ್ದ.

ಬಿಳಿಗೂದಲಿನ ನಾಲ್ವರು ಬಂದರು. ಕೊನೆಗೆ ಲೀಲಾಕ್ಷಿ. ತೋಳಿಲ್ಲದ ಕಪ್ಪು ಅಂಗಿ, ಕತ್ತಿಗೆ ಕೆಂಪು ವಸ್ತ್ರ. ಮೈದಾನಕ್ಕೆ ಮೈದಾನವೇ ಎದ್ದು ಅವಳ ಹೆಸರು ಕೂಗಿತು. ಅವಳು ನೇರ ಮೈಕಿನತ್ತ ನಡೆದಳು. ಹರಿಶ್ಚಂದ್ರ ಅರ್ಧ ಎದ್ದ.

ಅವಳು ಮೈಕನ್ನು ದಾಟಿ ಹೋದಳು.

"ಎಲ್ಲಿಗೆ ಹೋಗ್ತಿದ್ದಾಳೆ? ಹಾಡುವುದಿಲ್ಲವಾ?"

"ಅತ್ತೆ ಯಾವತ್ತು ಹಾಡಿದ್ದು ಪಪ್ಪಾ?" ಎಂದಳು ಯಶ್ಮಿತಾ.

ವೇದಿಕೆಯ ಹಿಂಭಾಗದ ಎತ್ತರದ ಕಟ್ಟೆ ಹತ್ತಿ, ಡ್ರಮ್ಮುಗಳ ನಡುವೆ ಕುಳಿತು, ಲೀಲಾಕ್ಷಿ ಎರಡೂ ಕೋಲುಗಳನ್ನೆತ್ತಿ ಬಾರಿಸಿದಳು.