ಯಜಮಾನರ ಹೆಸರಿಗೆ ಬಂದ ಪತ್ರ

ಸಂಜೆ ಐದಕ್ಕೆ ಹೆಸರು ಸೇರಿಸುವ ಪಟ್ಟಿ ಮುಚ್ಚುತ್ತದೆ, ಈಗಾಗಲೇ ಮೂರೂವರೆ. ಹೃದಯರೋಗದ ಅಧ್ಯಯನಕ್ಕೆ ಮುನ್ನೂರು ಗಂಡಸರು ಸಿಕ್ಕಿದ್ದರು, ಹೆಂಗಸರು ಹನ್ನೊಂದೇ ಮಂದಿ. ಇನ್ನೂ ಒಂಬತ್ತು ಜನ ಸಿಗದಿದ್ದರೆ ಹೆಂಗಸರ ಭಾಗವನ್ನೇ ಕೈಬಿಡುವುದೆಂದು ದೊಡ್ಡ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ನರ್ಸಮ್ಮ ಕೈಕಟ್ಟಿ ಕೂರುವವಳಲ್ಲ. ಇಸಿಜಿ ಯಂತ್ರವನ್ನು ಗಾಡಿಗೇರಿಸಿ, ಆಸ್ಪತ್ರೆಯ ಹಿಂದಿದ್ದ ಬಟ್ಟೆ ಒಗೆಯುವ ಕಾರ್ಖಾನೆಗೆ ತಳ್ಳಿಕೊಂಡು ನಡೆದೇಬಿಟ್ಟಳು.

ಒಳಗೆ ಹಬೆಯೋ ಹಬೆ. ದೂರದಿಂದ ಬಂದು ನೆಲೆಸಿದ, ಬೇರೆ ಮಾತಿನ ಹೆಂಗಸರು ಹಾಸಿಗೆಬಟ್ಟೆ ಮಡಚುತ್ತಿದ್ದರು. ಎರಡೂ ಮಾತು ಬಲ್ಲವಳು ಇಸ್ತ್ರಿ ಮೇಜಿನ ದೊಡ್ಡಕ್ಕ ಒಬ್ಬಳೇ.

“ನಿಮ್ಮ ಓಣಿಗೆಲ್ಲ ಪತ್ರ ಹಾಕಿದ್ವಲ್ಲ ಅಕ್ಕಾ, ಒಬ್ಬರೂ ಯಾಕೆ ಬರಲಿಲ್ಲ?”

“ಯಾಕ್ ಬರಲಿಲ್ಲ? ಪತ್ರ ನಮ್ಮ ಯಜಮಾನರ ಹೆಸರಿಗಿತ್ತು, ಅವರು ಬಂದ್ರು. ಪಕ್ಕದ ಮನೇಲೂ ಅಷ್ಟೆ.”

ನರ್ಸಮ್ಮನಿಗೆ ಆಗ ಹೊಳೆಯಿತು. ಕರೆಂಟ್ ಮೀಟರಿನ ಪಟ್ಟಿ ನೋಡಿ ವಿಳಾಸ ಬರೆದವಳು ತಾನೇ. ಆ ಓಣಿಯಲ್ಲಿ ಯಾವ ಮನೆಯ ಮೀಟರು ಹೆಂಗಸಿನ ಹೆಸರಿನಲ್ಲಿದೆ? ಆರು ತಿಂಗಳಿಂದ, ಕರೆದರೂ ಬಾರದ ಜನ ಎಂದು ಇವರನ್ನೇ ಬೈದುಕೊಂಡು ತಿರುಗಿದ್ದಳು. ನಾಚಿಕೆಯಾಯಿತು. ನಾಚಿಕೊಂಡು ನಿಲ್ಲಲು ಪುರುಸೊತ್ತಿರಲಿಲ್ಲ.

“ತಪ್ಪು ನಂದೇ. ಈಗ ನಿಮ್ಮನ್ನೇ ಕರೀತಿದೀನಿ. ಬರ್ತೀರಾ?”

ದೊಡ್ಡಕ್ಕ ತಮ್ಮ ಮಾತಿನಲ್ಲಿ ಅದನ್ನೇ ಕೂಗಿ ಹೇಳಿದಳು. ಒಬ್ಬಳು ನಕ್ಕಳು, ಇನ್ನೊಬ್ಬಳು ಕೈ ಒರೆಸಿಕೊಂಡಳು, ಯಾರೋ ಹಾಸಿಗೆಬಟ್ಟೆಯನ್ನೇ ಎಳೆದು ಮರೆ ಕಟ್ಟಿದರು. ನೋಡನೋಡುತ್ತ ಸಾಲು ಬಾಗಿಲು ದಾಟಿತು. ಹನ್ನೆರಡು, ಹದಿಮೂರು, ನಾಲ್ಕೂವರೆಗೆ ಹದಿನೆಂಟು. ನರ್ಸಮ್ಮನ ಕಾಲು ನೆಲದ ಮೇಲಿರಲಿಲ್ಲ. ಇವತ್ತು ಡಾಕ್ಟರ ಮುಖ ನೋಡಬೇಕು ಎಂದುಕೊಂಡಳು. ಇಪ್ಪತ್ತನೆಯವಳಾಗಿ ದೊಡ್ಡಕ್ಕನೇ ಬಂದು ಮಲಗಿದಾಗ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

“ಎದೆನೋವು ಬರುತ್ತಾ ಅಕ್ಕಾ?”

“ಎದೆ ಗಿದೆ ಏನಿಲ್ಲ. ಮೆಟ್ಟಿಲು ಹತ್ತಿದ್ರೆ ದವಡೆ ಹಿಡ್ಕೊಳ್ಳುತ್ತೆ, ಬೆವರು ಸುರಿಯುತ್ತೆ.”

ಫಾರಮ್ಮಿನಲ್ಲಿ ಜಾಗ ಇದ್ದದ್ದು ಎದೆನೋವಿಗಷ್ಟೇ. ಹೃದಯದ ನೋವು ದವಡೆಯಲ್ಲೂ ಕಾಣಿಸೀತೆಂದು ಬಲ್ಲ ನರ್ಸಮ್ಮ ಅಂಚಿನಲ್ಲಿ ‘ದವಡೆ ನೋವು’ ಎಂದು ದಪ್ಪಗೆ ಬರೆದಳು. ಯಂತ್ರದಿಂದ ಬಂದ ಕಾಗದದಲ್ಲಿ ಗೆರೆ ಏರುಪೇರಾಗಿದ್ದದ್ದು ನೋಡಿದವಳೇ ದೊಡ್ಡಕ್ಕನ ಕೈ ಹಿಡಿದುಕೊಂಡಳು. “ಇಸ್ತ್ರಿ ಹಾಗಿರಲಿ, ಈಗಲೇ ನನ್ನ ಜೊತೆ ಡಾಕ್ಟರ ಹತ್ರ ಬನ್ನಿ. ಹೊತ್ತಿಗೆ ಸರಿಯಾಗಿ ಸಿಕ್ಕಿದ್ದೀರಿ, ಹೆದರಬೇಡಿ.”

ದೊಡ್ಡಕ್ಕ ಹೆದರಿದಂತೆ ಕಾಣಲಿಲ್ಲ. ಅಂಚಿನ ಆ ಅಕ್ಷರಗಳನ್ನೇ ನೋಡುತ್ತಿದ್ದಳು.

“ನಮ್ಮತ್ತಿಗೆಗೂ ದವಡೆನೇ ನೋಯ್ತಿತ್ತು. ಹಲ್ಲು ಕಿತ್ತು ಮನೆಗೆ ಕಳಿಸಿದ್ರು, ಮೂರನೇ ದಿನ ಹೋಗೇಬಿಟ್ಲು,” ಎಂದಳು. “ಅವಳದನ್ನ ಎಲ್ಲಿ ಬರೀತೀರಾ?”