ಬೋರಲಿಟ್ಟ ಡಬ್ಬಿಗಳು

"ಎಲ್ಲಾ ಒಯ್ದುಬಿಡು ದಾವಲ್‌ಸಾಬ್. ಬಣ್ಣ, ಬ್ರಷ್, ಏಣಿ, ಎಲ್ಲಾ. ನನಗಿನ್ನ ಬ್ಯಾಡ," ಎಂದ ದುರುಗೇಶ, ಹೊರಸಿನ ಮೇಲೆ ಕೂತಲ್ಲಿಂದಲೇ.

ಫೋನು ಮಾಡಿ ಕರೆಸಿದ್ದಕ್ಕೆ ಮಸ್ಕಿಯಿಂದ ಸಿಂಧನೂರಿಗೆ ಬೈಕು ಹತ್ತಿ ಬಂದಿದ್ದ ದಾವಲ್‌ಸಾಬ್ ಖಾಲಿ ಚೀಲ ಹಿಡಿದು ಬಾಗಿಲಲ್ಲೇ ನಿಂತ. ಅವನೂ ಪೇಂಟರ್. ಗೆಳೆಯನ ಸಾಮಾನಿಗೆ ಕೈ ಹಚ್ಚಲು ಅವನಿಗೆ ಮನಸ್ಸು ಬರಲಿಲ್ಲ.

ಬೇಸಿಗೆಯಲ್ಲಿ ಗೊರೇಬಾಳದ ಹೊಸ ಮನೆಯೊಂದಕ್ಕೆ ಬಣ್ಣ ಹಚ್ಚುವಾಗ ಸಾರವೆ ಜಾರಿ ದುರುಗೇಶ ಬಿದ್ದಿದ್ದ. ಬಲಗೈ ಮೂಳೆಯೇನೋ ಕೂಡಿತು, ಬೆರಳಿಗೆ ಹಿಡಿತ ಬರಲಿಲ್ಲ. ದಸರೆ ಮುಗಿದರೂ ಚಹಾದ ಲೋಟ ಆ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

"ಬಾಯಿ ತೆರದ ಡಬ್ಬಿ ಇಷ್ಟು ದಿನಾ ಎಲ್ಲಿ ಉಳೀತಾವಪಾ? ಕೆನಿ ಕಟ್ಟಿ ಕಲ್ಲಾಗಿರತಾವ," ಎಂದ ದಾವಲ್‌ಸಾಬ್, ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತ.

ದುರುಗೇಶನ ಹೆಂಡತಿ ದೀಪಾ ಗಂಡನ ಮುಖ ನೋಡಿದಳು. ಒಳಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ತಂದು ಕಟ್ಟೆಯ ಮೇಲಿಟ್ಟಳು. ಎಲ್ಲವೂ ಬೋರಲಾಗಿದ್ದವು, ಮುಚ್ಚಳ ಕೆಳಗೆ, ತಳ ಮೇಲೆ. ಅವುಗಳ ಪಕ್ಕಕ್ಕೆ ಕಂಠಮಟ್ಟ ವಾರ್ನಿಶ್ ತುಂಬಿದ ಸಣ್ಣ ಸಣ್ಣ ಬಾಟಲಿಗಳು.

ದುರುಗೇಶ ಹೊರಸಿನಿಂದ ಎದ್ದು ಬಂದ. ಡಬ್ಬಿಯೊಂದನ್ನು ಹೊರಳಿಸಿ ದಾವಲ್‌ಸಾಬನಿಗೆ ಹಿಡಿಯಲು ಹೇಳಿ, ಎಡಗೈಯಿಂದ ಸ್ಕ್ರೂಡ್ರೈವರ್ ಹಾಕಿ ಮುಚ್ಚಳ ಎತ್ತಿದ. ಕೆಳಗೊಂದು ಪ್ಲಾಸ್ಟಿಕ್ ಹಾಳೆ. ಅದನ್ನು ಸರಿಸಿದರೆ ಹಸಿರು ಬಣ್ಣ ಇವತ್ತೇ ಅಂಗಡಿಯಿಂದ ತಂದಂತೆ ತಿಳಿಯಾಗಿ ಹೊಳೆಯುತ್ತಿತ್ತು. ಕೆನೆಯ ಒಂದು ಚೂರೂ ಇಲ್ಲ.

"ಇದನ್ನ ಯಾವಾಗ ಮಾಡಿದಿ?"

"ನೀವು ದವಾಖಾನಿಯಾಗಿದ್ದಾಗ ಗೊರೇಬಾಳದವರು ಡಬ್ಬಿ ತಂದಿಟ್ಟು ಹೋದ್ರು. ಹಾಳಿ ಇಟ್ಟು, ಮುಚ್ಚಳ ಬಡದು ಬಿಗಿ ಮಾಡಿ, ಬೋರಲ ಹಾಕೀನಿ. ವಾರ್ನಿಶ್ ಅರ್ಧ ಡಬ್ಬಿ ಇತ್ತು, ಬಾಟ್ಲಿಗೆ ತುಂಬೀನಿ. ಗಾಳಿಗೆ ಜಾಗಾನ ಕೊಟ್ಟಿಲ್ಲ. ನೀವು ಮಾಡೂದು ನಾ ನೋಡಿಲ್ಲೇನು?"

"ಯಾರ ಸಲುವಾಗಿ ಮಾಡಿದಿ?" ದುರುಗೇಶನ ದನಿ ಏರಿತು. "ಈ ಕೈ ಇನ್ನ ಬ್ರಷ್ ಹಿಡಿಯಂಗಿಲ್ಲ ಅಂತ ಡಾಕ್ಟರು ಆವತ್ತಽ ಹೇಳಿದ್ರು."

"ಅವ್ರು ಬಲಗೈ ಮಾತು ಹೇಳಿದ್ರು," ಎಂದಳು ದೀಪಾ.

ದುರುಗೇಶ ಮೂಲೆಯಲ್ಲಿದ್ದ ಬ್ರಷ್ಷನ್ನು ಎಡಗೈಗೆ ತೆಗೆದುಕೊಂಡು, ಅದ್ದಿ, ಸ್ವಂತ ಮನೆಯ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಮೊದಲ ಪಟ್ಟೆ ಸೊಟ್ಟಗೆ ಹೋಗಿ ನೆಲದವರೆಗೆ ಸೋರಿತು. ಎರಡನೆಯದೂ ಹಾಗೇ. ದಾವಲ್‌ಸಾಬ್ ಸೋರಿದ್ದನ್ನು ಬಟ್ಟೆಯಿಂದ ಒರೆಸುತ್ತ ಪಕ್ಕದಲ್ಲಿ ಕೂತ. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಒಂದು ಕದದ ಕೆಳಗಿನ ಅರ್ಧ ಹಸಿರಾಗಿತ್ತು. ಅಂಚು ಡೊಂಕಾಗಿತ್ತು, ಆದರೆ ಕೊನೆಯ ಪಟ್ಟೆ ನೆಟ್ಟಗಿತ್ತು.

ದಾವಲ್‌ಸಾಬ್ ಖಾಲಿ ಚೀಲ ಮಡಚಿ ಬೈಕಿನ ಸೀಟಿನ ಕೆಳಗೆ ತುರುಕಿದ. "ಲಿಂಗಸುಗೂರಿನಾಗ ಒಂದು ಗೋದಾಮಿನ ಗೋಡಿ ಕೆಲಸ ಹಿಡದೀನಿ. ರೋಲರ್ ಕೆಲಸ, ಒಂದು ಕೈ ಸಾಕು. ಸೋಮವಾರ ಬಂದು ಕರ್ಕೊಂಡು ಹೋಗ್ತೀನಿ, ರೆಡಿ ಇರಲೇ."

ದುರುಗೇಶ ಹೂಂ ಎಂದು, ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡು ಡಬ್ಬಿಯ ಮುಚ್ಚಳಕ್ಕೆ ಅತ್ತಿತ್ತ ತಡಕಾಡಿದ. ದೀಪಾ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದಳು.

"ಈಗ್ಯಾಕ ಮುಚ್ಚತೀರಿ?" ಎಂದಳು ಅವಳು. "ಇನ್ನ ಒಂದೂವರಿ ಕದ ಉಳದೈತಿ."