ಮೂರನೆಯ ಬಾಲ

ಮೇಸ್ತ್ರಿಯ ಮೊದಲ ಏಟು ಅಳಿಯನ ಕೆನ್ನೆಗೆ ಬಿತ್ತು. ಎರಡನೆಯದು ಎಲ್ಲಿಗೆ ಬಿತ್ತೆಂದು ಹೊಡೆದವನಿಗೇ ತಿಳಿಯಲಿಲ್ಲ. ಆರಡಿ ಆಳು ಪುಟ್ಟ ವಿಮಾನದ ರೆಕ್ಕೆಯ ಕೆಳಗೆ ಮುಗ್ಗರಿಸಿ, ಸಿಮೆಂಟು ನೆಲಕ್ಕೆ ಬಾಯಿ ಬಡಿದುಕೊಂಡು ರಕ್ತ ಉಗುಳಿದ. ಏಳುವ ಪ್ರಯತ್ನವನ್ನೂ ಮಾಡಲಿಲ್ಲ.

"ಬೊಗಳು. ನೀನೇ ತಾನೆ?"

ಅಳಿಯ ವಿಮಾನದ ಹಿಂಭಾಗದ ಕಡೆ ನೋಡಿದ. ಬಾಲದ ಅಡ್ಡರೆಕ್ಕೆ ಕಾಗದದಂತೆ ಮುದುರಿಕೊಂಡಿತ್ತು. ಅದಕ್ಕೆ ಮೂತಿ ಒತ್ತಿಕೊಂಡು ನಿಂತಿದ್ದ, ವಿಮಾನ ತಳ್ಳುವ ಟ್ರಾಕ್ಟರು ಇನ್ನೂ ಗುರುಗುಡುತ್ತಿತ್ತು.

"ಹೌದು ಮಾವ. ನಾನೇ."

ಇದು ಮೂರನೆಯ ಬಾಲ. ವಿಮಾನ ಹಾರಿಸಲು ಕಲಿಸುವ ಆ ಶಾಲೆಯ, ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಮೇಸ್ತ್ರಿ ಹಾಕಿದ್ದೇ ಗೆರೆ. ಮೊದಲನೆಯದು ಜಜ್ಜಿಹೋದಾಗ ಆಕಸ್ಮಿಕವೆಂದೇ ಎಲ್ಲರೂ ನಂಬಿದ್ದರು. ಒಂದೇ ಸೂರಿನಡಿ ಅಷ್ಟೊಂದು ವಿಮಾನಗಳನ್ನು ಒತ್ತೊತ್ತಾಗಿ ತುರುಕಿದರೆ, ಹಿಂದಕ್ಕೆ ತಳ್ಳುವವನಿಗೆ ಬಾಲ ಎಲ್ಲಿ ಕಾಣಬೇಕು? ಮೇಸ್ತ್ರಿ ನೆಲದ ಮೇಲೆ ಹಳದಿ ಪಟ್ಟೆ ಬಳಿಸಿದ. ಬಾಲದ ತುದಿಗಳಿಗೆ ಕೆಂಪು ಬಟ್ಟೆ ಕಟ್ಟಿ, ಸ್ಪಂಜಿನ ಟೋಪಿ ತೊಡಿಸಿದ. ವಿಮಾನ ತಿರುಗಿಸಲು ಬಾಲದ ಮೇಲೆ ಮೈಭಾರ ಹಾಕಿದವನೊಬ್ಬನನ್ನು ಎಲ್ಲರೆದುರು ಉಗಿದು ಉಪ್ಪಿನಕಾಯಿ ಹಾಕಿದ. ಹಿಂದೆ ಒಬ್ಬ ನಿಂತು ಕೈ ತೋರಿಸದೆ ಯಾರೂ ಟ್ರಾಕ್ಟರು ಮುಟ್ಟಕೂಡದೆಂದು ಅಪ್ಪಣೆ ಮಾಡಿದ. ಅಷ್ಟಾದ ಮೇಲೂ ಎರಡನೆಯದು ಜಜ್ಜಿಹೋಯಿತು.

ಆಗ ಅವನಿಗೆ ಹೊಳೆಯಿತು. ಎರಡು ಸಲವೂ ಪೆಟ್ಟು ಬಿದ್ದದ್ದು ಅಲ್ಲೇ ಕಲಿಯುತ್ತಿದ್ದ ಮಗಳು ಅದೇ ದಿನ ಹಾರಿಸಬೇಕಿದ್ದ ವಿಮಾನಕ್ಕೆ. ಪಕ್ಕದಲ್ಲಿ ಕಲಿಸುವವರಿಲ್ಲದೆ, ಅವಳೊಬ್ಬಳೇ ಮೇಲೇರಬೇಕಿದ್ದ ಮೊದಲ ಹಾರಾಟ ಅದು. ಜೀವಮಾನವಿಡೀ ವಿಮಾನದ ಹೊಟ್ಟೆಯ ಕೆಳಗೆ ಮಲಗಿಯೇ ತಲೆ ನರೆತವನಿಗೆ ಅದೊಂದನ್ನು ಕಣ್ತುಂಬ ನೋಡುವ ಆಸೆ. ಅವಳಂತೂ ಹಾರಾಟದ ಹಿಂದಿನ ದಿನದಿಂದಲೇ ತುತ್ತು ಮುಟ್ಟುತ್ತಿರಲಿಲ್ಲ. ಸಂಭ್ರಮವೆಂದರೆ ಹಾಗೇ ಎಂದು ಅವನು ಹಿಗ್ಗಿದ್ದ. ಬಾಲ ಜಜ್ಜಿಹೋಗಿದೆ, ಹಾರಾಟವಿಲ್ಲ ಎಂದಾಗ ಅವಳು ಮುಖ ಮುಚ್ಚಿಕೊಂಡು ಅತ್ತದ್ದು ಕಂಡು ಅವನಿಗೆ ಕರುಳು ಕಿತ್ತು ಬಂದಂತಾಗಿತ್ತು.

ಯಾರಿಗೆ ಹೊಟ್ಟೆಕಿಚ್ಚು? ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಟ್ರಾಕ್ಟರು ಓಡಿಸುತ್ತಿದ್ದವನು ಮನೆಯ ಅಳಿಯನೇ. ಹೆಂಡತಿ ಆಕಾಶದಲ್ಲಿ, ಗಂಡ ನೆಲದ ಮೇಲೆ. ಮೊನ್ನೆ ಊಟಕ್ಕೆ ಕೂತಾಗ ಅವನು ಬಾಯಿ ಬಿಟ್ಟೂ ಇದ್ದ. "ಅವಳಿಗೆ ಇದೆಲ್ಲ ಸಾಕು ಮಾವ. ಬಿಟ್ಟುಬಿಡಲಿ." ಮಗಳು ತಟ್ಟೆಯಿಂದ ತಲೆ ಎತ್ತಿರಲಿಲ್ಲ.

ಅವಳು ಮತ್ತೆ ಹಾರಬೇಕಿದ್ದ ಈ ಬೆಳಿಗ್ಗೆ ತಗಡು ಹರಿದ ಸದ್ದು ಕೇಳಿ ಮೇಸ್ತ್ರಿ ಓಡಿಬಂದಾಗ ಬಾಲದ ಪಕ್ಕ ನಿಂತಿದ್ದವನು ಅಳಿಯ. ಕೈಯಲ್ಲಿ ಕಿತ್ತುಬಂದ ಸ್ಪಂಜಿನ ತುಂಡು. ಇನ್ನೇನು ಸಾಕ್ಷಿ ಬೇಕು?

ಬಿದ್ದವನನ್ನು ಅಲ್ಲೇ ಬಿಟ್ಟು ಮೇಸ್ತ್ರಿ ಎಂಜಿನ್ ಆರಿಸಲು ಟ್ರಾಕ್ಟರು ಹತ್ತಿದ. ಸೀಟು ಮುಂದಕ್ಕೆ ಸರಿದಿತ್ತು. ಮೊಣಕಾಲು ಸ್ಟೀರಿಂಗಿಗೆ ಬಡಿದು ಜೀವ ಹೋದಂತಾಯಿತು. ಆ ಸಿಟ್ಟೂ ಅಳಿಯನ ಮೇಲೆಯೇ ತಿರುಗಿತು. ಇಳಿದವನೇ ವಿಮಾನ ಎಳೆಯುವ ಕಬ್ಬಿಣದ ಸರಳನ್ನು ಕೈಗೆತ್ತಿಕೊಂಡ.

"ಕಟ್ಟಿಕೊಂಡವಳ ಮೇಲೆ ಯಾಕೋ ನಿನಗಿಷ್ಟು ಉರಿ?"

"ನನ್ನನ್ನ ಏನ್ ಬೇಕಾದ್ರೂ ಮಾಡಿ. ಅವಳನ್ನ ಮಾತ್ರ ಮೇಲೆ ಕಳಿಸಬೇಡಿ ಮಾವ."

ಉರಿಯುವ ಬೆಂಕಿಗೆ ಎಣ್ಣೆ ಸುರಿದಂತಾಯಿತು. ಸರಳು ಬೀಸಿದ. ಭುಜದ ಎಲುಬು ಲಟಕ್ಕೆಂದದ್ದು ಬಾಗಿಲಲ್ಲಿ ಗುಂಪುಗೂಡಿದವರಿಗೂ ಕೇಳಿಸಿತು. ಮೇಸ್ತ್ರಿಯ ಮುಖ ನೋಡಿ ಯಾರೂ ಮುಂದೆ ಬರಲಿಲ್ಲ. ಇನ್ನೊಂದು ಏಟು ಪಕ್ಕೆಗೆ. ಅಳಿಯ ಕೈ ಅಡ್ಡ ಹಿಡಿಯಲೂ ಇಲ್ಲ. ಅವನ ಕಣ್ಣು ಮಾವನ ಹೆಗಲಾಚೆ, ಹ್ಯಾಂಗರಿನ ಹಿಂಬಾಗಿಲ ಕಡೆ ನೆಟ್ಟಿತ್ತು. ಬೇಡ, ಬೇಡ ಎಂಬಂತೆ ತಲೆಯಾಡಿಸುತ್ತಿದ್ದ. ತನ್ನನ್ನೇ ಬೇಡಿಕೊಳ್ಳುತ್ತಿದ್ದಾನೆ ಎಂದುಕೊಂಡ ಮೇಸ್ತ್ರಿ ಮತ್ತೆ ಸರಳೆತ್ತಿದ.

"ಸಾಕು ಅಪ್ಪಾ."

ಹಿಂಬಾಗಿಲಿಂದ ಮಗಳು ಬಂದಳು. ಹಾರಾಟದ ಉಡುಪು ತೊಟ್ಟಿದ್ದಳು. ಮುಖ ಸುಣ್ಣದಂತೆ ಬಿಳಿಚಿತ್ತು.

"ಇವನ ಕಡೆ ನೋಡಬೇಡ," ಮೇಸ್ತ್ರಿ ಏದುಸಿರು ಬಿಡುತ್ತಾ ಹೇಳಿದ. "ಪಕ್ಕದ ವಿಮಾನ ಸರಿಯಾಗಿದೆ. ಈಗಲೇ ಹತ್ತು. ಇವನ ಕಣ್ಣೆದುರಿಗೇ ಹಾರಬೇಕು ನೀನು."

ಅವಳು ಹತ್ತಿರ ಬಂದು ಅವನ ಕೈಯಿಂದ ಸರಳನ್ನು ಬಿಡಿಸಿಕೊಂಡಳು. ಮೇಸ್ತ್ರಿ ತಡೆಯಲಿಲ್ಲ. ಉರಿ ಅವಳಿಗೂ ಇರುವುದಿಲ್ಲವೇ? ಒಂದೇಟು ಅವಳೂ ಹಾಕಲಿ.

"ಬೇಡ ಕಣೇ," ಅಳಿಯ ರಕ್ತ ತುಂಬಿದ ಬಾಯಲ್ಲೇ ತೊದಲಿದ. "ನಾನು ಒಪ್ಕೊಂಡಾಯ್ತಲ್ಲ. ಬಿಟ್ಬಿಡು."

ಅವಳು ಗಂಡನನ್ನು ದಾಟಿಕೊಂಡು ನಡೆದಳು. ಪಕ್ಕದ ವಿಮಾನದ ಹಿಂದೆ ನಿಂತು, ಎರಡೂ ಕೈಯಲ್ಲಿ ಸರಳೆತ್ತಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಾಲದ ಮೇಲೆ ಬಡಿದಳು. ತಗಡು ಹರಿಯಿತು. ಮತ್ತೆ ಬಡಿದಳು. ಅಡ್ಡರೆಕ್ಕೆ ಮುರಿದು ಜೋತಾಡುವವರೆಗೂ ಬಡಿದಳು.

"ಆ ಮೂರೂ ನಾನೇ ಅಪ್ಪಾ," ಎಂದಳು. "ಮೇಲೆ ಹೋಗೋಕೆ ಭಯ ಆಗುತ್ತೆ ಅಂದಾಗ ನೀವು ನಕ್ಕುಬಿಟ್ರಿ."